ಅಖೈರು ಶಿಲ್ಕು

ಚಿಕ್ಕಬಳ್ಳಾಪುರದಲ್ಲಿ ಮೂರು ದಿನದ ನಾಯಕತ್ವ ತರಬೇತಿ.
ಊಟ, ಟೀ ಅವರದು; ಬಸ್ ಚಾರ್ಜು ಆಮೇಲೆ.
ಕಿಟಕಿಯಾಚೆ ಹೂವಿನ ಮಂಡಿ, ಒಳಗೆ ನಾವು
ನಲವತ್ತೊಂದು ಮಂದಿ ಶಾಲಾ ಗುಮಾಸ್ತರು, ಅಧೀಕ್ಷಕರು,
ಸೇವಂತಿಗೆಯ ಹಸಿ ವಾಸನೆಯಲ್ಲಿ ತೂಕಡಿಸುತ್ತ.
ಎದೆಗೆ ಚುಚ್ಚಿದ ಚೀಟಿಯಲ್ಲಿ ನಾನು ವನಜಾಕ್ಷ.
ಒಂದು ಗುಣಿಸು ಕಡಿಮೆ ಬಿದ್ದು ಗಂಡಸಾಗಿದ್ದೇನೆ.

ತರಬೇತಿಯ ಹುಡುಗ ಬಿಳಿಹಾಳೆ ಹಂಚಿದ:
"ನಿಮಗೆ ಗೊತ್ತಿರುವ ಒಬ್ಬ ನಾಯಕರನ್ನು ಬಿಡಿಸಿ. ಹತ್ತೇ ನಿಮಿಷ."

ಬಾಗೇಪಲ್ಲಿಯ ಗಂಗಿರೆಡ್ಡಿ ಹುಲಿ ಬಿಡಿಸಿದರು.
ಗುಡಿಬಂಡೆಯವರು ಕುದುರೆ ಮೇಲೆ ಯಾರನ್ನೋ ಕೂರಿಸಿ
ಕುದುರೆಯ ಕಾಲು ಬಾರದೆ
ಹೊಟ್ಟೆವರೆಗೂ ಹುಲ್ಲು ಬೆಳೆಸಿದರು.

ನನಗೆ ಬಂದದ್ದು ಒಂದು ಬೆರಳು.
ಖಲಂದರ್ ಸಾಹೇಬರ ತೋರುಬೆರಳು,
ತುದಿಗೆ ಕೆಂಪು ಶಾಯಿ.

ಚಿಂತಾಮಣಿಯ ನಮ್ಮ ಶಾಲೆಗೆ ಸೇರಿದ ಹೊಸತು.
ನಗದು ಪುಸ್ತಕದ ನಡುವೆ, ಅಂದಕ್ಕೆ,
ಒಂದು ಸಾಲು ಖಾಲಿ ಬಿಟ್ಟಿದ್ದೆ.
"ಏನಮ್ಮಾ ಇದು?"
"ಪುಟ ಸ್ವಲ್ಪ ಉಸಿರಾಡಲಿ ಅಂತ ಸಾರ್."
"ಉಸಿರಾಡೋಕೆ ಅಂಗಳ ಇದೆ.
ಖಾಲಿ ಸಾಲಲ್ಲಿ ಕಳ್ಳ ಬಂದು ಕೂರ್ತಾನೆ,
ಒಂದೊಂದು ಸಲ ನಿನ್ನ ಕೈಬರಹದಲ್ಲೇ."
ಓರೆಯಾಗಿ ಒಂದು ಗೆರೆ ಎಳೆದು, ಕೆಳಗೆ
ಅಖೈರು ಶಿಲ್ಕು ಬರೆದು, ಬೆರಳು ಒರೆಸಿಕೊಳ್ಳದೆ
ಟೀ ಕುಡಿಯಲು ಹೋದರು.

ನಿವೃತ್ತರಾದ ದಿನ ಕೊಟ್ಟದ್ದು ಬೀಗದಕೈ ಗೊಂಚಲು:
ಕೈ ಹದಿನೇಳು, ಬೀಗ ನಾಲ್ಕು.
"ಉಳಿದವು ಸಾರ್?"
"ಬೀಗ ಹೋದವು, ಕೈ ಉಳಿದವು. ದಾಸ್ತಾನು ವಹಿಯಲ್ಲಿವೆ,
ಎಸೆಯೋ ಹಾಗಿಲ್ಲ. ಹೊರು."

ಹೊತ್ತೆ. ಹೋದ ಫೆಬ್ರವರಿಯಲ್ಲಿ ಕಾರ್ಯದರ್ಶಿ ಬಂದರು.
ಬಿಲ್ಲಿನಲ್ಲಿ ಮೂವತ್ತು ಬೆಂಚು,
ಎಣಿಸಿದರೆ ಇಪ್ಪತ್ತೆರಡು.
"ಉಳಿದವು ದಾರಿಯಲ್ಲಿವೆ. ನೀನು ಬರ್ಕೋ."
"ಬಂದ ಮೇಲೆ ಬರ್ಕೋತೀನಿ ಸಾರ್."
ಅಷ್ಟೇ ಮಾತು. ಅದೂ ಎಷ್ಟು ಮೆಲ್ಲಗೆಂದರೆ
ಅವರು ಎರಡು ಸಲ ಕೇಳಬೇಕಾಯಿತು,
ನಾನು ಎರಡು ಸಲ ಹೇಳಬೇಕಾಯಿತು.
ಮೇಜಿನಡಿಯಲ್ಲಿ ಗೊಂಚಲು ಹಿಡಿದ ಕೈ
ಗಲಗಲ ಸದ್ದು ಮಾಡುತ್ತಿತ್ತು.
ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆ ಹುಡುಕುತ್ತಿದ್ದರು.

ಎಂಟು ಬೆಂಚು ಇನ್ನೂ ದಾರಿಯಲ್ಲೇ ಇವೆ.
ನನ್ನ ವೇತನ ಬಡ್ತಿಯ ಕಡತವೂ
ಬಹುಶಃ ಅವುಗಳ ಮೇಲೆಯೇ ಕೂತು ಬರುತ್ತಿದೆ.
ಒಂಬತ್ತನೇ ಬಿ ನೆಲದ ಮೇಲೆ.
ತಸ್ಮಿಯಾ ಎಂಬ ಹುಡುಗಿ ಟಿ.ಸಿ. ಕೇಳಲು ಬಂದವಳು
ಲಂಗದ ಧೂಳು ಕೊಡವುತ್ತ ಕೇಳಿದಳು,
"ಮೇಡಂ, ಬೆಂಚು ಯಾವಾಗ?"
ಲೆಕ್ಕ ಸರಿಯಿತ್ತು. ಉತ್ತರ ಇರಲಿಲ್ಲ.
ಕೆಂಪು ಗೆರೆಯ ಮೇಲೆ ಯಾರೂ ಕೂರಲಾಗದು.

"ಬರೀ ಬೆರಳಾ ಮೇಡಂ? ಮುಖ ಎಲ್ಲಿ?"
ಹುಡುಗ ಬಗ್ಗಿ ನೋಡಿದ, ಒಳ್ಳೆಯವನು,
ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ.
ಮುಖ ನನಗೆ ಮರೆತಿದೆ ಅನ್ನುವುದಕ್ಕೆ ನಾಚಿ
ಹಾಳೆಯ ಉಳಿದ ಬಿಳಿಗೆ
ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದು
ತಾರೀಖು ಹಾಕಿದೆ.

ಅಷ್ಟರಲ್ಲಿ ಹಾಜರಿ ಪಟ್ಟಿ ಬಂತು.
"ಮೂರೂ ದಿನದ್ದು ಈಗಲೇ ಹಾಕಿಬಿಡಿ,
ಆಮೇಲೆ ಗಲಾಟೆ ಬೇಡ."
ನಲವತ್ತು ಮಂದಿ ಆಗಲೇ
ನಾಡಿದ್ದು ಹಾಜರಿದ್ದರು, ಹುಲಿಯೂ ಸೇರಿ.
ಇಂದಿನದೊಂದಕ್ಕೆ ಸಹಿ ಮಾಡಿದೆ.
ಎರಡು ಮನೆ ಖಾಲಿ ಉಳಿದವು, ಪುಟದ ತುಂಬ
ಅವೆರಡೇ, ಬಿದ್ದ ಹಲ್ಲಿನ ಹಾಗೆ.

ಸಾಹೇಬರೇ, ಇವಕ್ಕೆ ಗೆರೆ ಎಳೆಯಲೋ, ಬಿಡಲೋ?
ನಾಳೆ ಏಳೂವರೆಯ ಬಸ್ಸು ಸಿಕ್ಕರೆ
ನಾನೇ ಬಂದು ತುಂಬುತ್ತೇನೆ.