ಉಪ್ಪಿನ ಡಬ್ಬಿ

ರಾತ್ರಿ ಎರಡೂಕಾಲು. ಹಡಗಿನ ಕಂಪನಿಯವರಿಗೆ ಅಲ್ಲಿ ಇಳಿಹೊತ್ತು.
ಕಮಲಾನಗರದ ಎರಡನೇ ಮಹಡಿಯಲ್ಲಿ
ಕನ್ನಡಕ ಮೂಗಿನ ತುದಿಗಿಳಿಸಿಕೊಂಡು
ಹಡಗಿನ ನಕ್ಷೆ ಓದುತ್ತಿದ್ದೇನೆ:
ಕೋಣೆ, ಕೋಣೆ, ಕೋಣೆ, ಕಣಜದ ಗೂಡಿನಂತೆ.

ಮೂವತ್ತೊಂದು ವರ್ಷ ನೀರಿನ ಮಂಡಳಿಯಲ್ಲಿ ಮೀಟರು ಓದಿದವಳು ನಾನು.
ಬೀದಿ ಬೀದಿಯ ಗುಂಡಿಗೆ ಬಗ್ಗಿ, ಜೇಡನ ಬಲೆ ಸರಿಸಿ,
ಮುಳ್ಳು ನಿಂತಲ್ಲಿ ನಿಂತಂತೆ ಬರೆದುಕೊಂಡವಳು.
ನಿವೃತ್ತಿಗೆ ಒಂದು ಹಾರ, ಒಂದು ಗೋಡೆ ಗಡಿಯಾರ.
ಅದಾಗಿ ನಾಲ್ಕು ತಿಂಗಳಿಗೆ ಟ್ರೀಸಾ ಬಂದಳು,
ಟೆಲಿಫೋನ್ ಎಕ್ಸ್‌ಚೇಂಜಿನ ಟ್ರೀಸಾ, ಲಿಂಗರಾಜಪುರದವಳು:
'ನಡಿಯೇ ಸುಗುಣಾ, ಮೀಟರಿಲ್ಲದ ನೀರು ನೋಡಿಬರೋಣ.'

ಹತ್ತು ಹಡಗಾಯಿತು.
ಕುಣಿಯುವ ಹಾಲಿನ ಕೆಳಗೆ ಕೋಣೆ ಹಿಡಿಯಬಾರದು,
ಲಿಫ್ಟಿನ ಮಗ್ಗುಲು ಬೇಡ, ಮೂತಿಯ ಕಡೆ ಹೋದರೆ
ಹೊಟ್ಟೆ ತೊಳಸುತ್ತದೆ. ಮಧ್ಯದ ಕೋಣೆಯೇ ಸರಿ,
ಏತದ ತುದಿ ಎಷ್ಟು ಏರಿಳಿದರೂ
ನಡುಗಂಬ ಅಲುಗದಲ್ಲ, ಹಾಗೆ.
ಕಿಟಕಿಯಿಲ್ಲದ್ದು ಅಗ್ಗ,
ಆದರೆ ಅಲ್ಲಿ ನೀನು ದೀಪ ಹಾಕಿದರಷ್ಟೇ ಬೆಳಗು.

ಊಟಕ್ಕೆ ಆರು ಗಂಟೆಯ ಪಂಕ್ತಿ, ಟ್ರೀಸಾಳ ಸಕ್ಕರೆ ಮಾತ್ರೆಗೆ ಹೊಂದುವಂತೆ.
ಎಂಟು ಜನರ ಮೇಜು. ಇಬ್ಬರದ್ದಾದರೆ
ಮನೆಯ ಮಾತೇ ಸಮುದ್ರಕ್ಕೂ ಬರುತ್ತದೆ.
ರೊಡೆಲ್ ಅಂತ ಒಬ್ಬ ಮಾಣಿ, ಮನಿಲಾದವನು,
ಕೇಳದೆಯೇ ಹಸಿಮೆಣಸಿನಕಾಯಿ ತಂದಿಡುತ್ತಾನೆ.

ಇಲ್ಲಿ ದರ್ಶಿನಿಯಲ್ಲಿ ಟೋಕನ್ ಹಿಡಿದು
ನಿಂತೇ ತಿಂದು ಕೈ ತೊಳೆಯುವವಳು
ಅಲ್ಲಿನ ಒಂದು ಕುರ್ಚಿಗೆ
ಒಂಬತ್ತು ತಿಂಗಳು ಮುಂಚೆ ಹೆಸರು ಬರೆಸುತ್ತೇನೆ.
'ಬಸುರಿ ಲೆಕ್ಕ ಕಣೇ ನಿಂದು' ಎಂದು ನಗುತ್ತಿದ್ದಳು ಟ್ರೀಸಾ.

ಮೊನ್ನೆ ಫೋನು ಬಂತು.
'ಈ ಸಲ ಮರ್ಸಿ ಜೊತೆ ಬಾಲ್ಕನಿ ತಗೋತೀನಿ ಸುಗುಣಾ,
ಬೇಜಾರು ಮಾಡ್ಕೋಬೇಡ, ನಿನ್ನ ಗೊರಕೆ...'
ಗೊರಕೆ!
ಹತ್ತು ಹಡಗಿನಲ್ಲಿ ಕೇಳದ ಗೊರಕೆ.
ಮರ್ಸಿ ಕೊಚ್ಚಿಯವಳು. ಏಳನೇ ಹಡಗಿನಲ್ಲಿ,
ನಾನೇ ಆರಿಸಿದ ಎಂಟು ಜನರ ಮೇಜಿನಲ್ಲಿ,
ಟ್ರೀಸಾ ಕೈಚಾಚುವ ಮುಂಚೆಯೇ
ಉಪ್ಪಿನ ಡಬ್ಬಿ ದಾಟಿಸಿದವಳು.

ಅವರಿಬ್ಬರದನ್ನೂ ನಾನೇ ಬುಕ್ ಮಾಡಿಕೊಟ್ಟೆ.
ಟ್ರೀಸಾಗೆ ಕಂಪ್ಯೂಟರ್ ಬರುವುದಿಲ್ಲ.
ಮರ್ಸಿಯ ಪಾಸ್‌ಪೋರ್ಟ್ ನಂಬರನ್ನು
ಎರಡು ಸಲ ಓದಿ, ತಪ್ಪಿಲ್ಲದೆ ತುಂಬಿದೆ.

ಈಗ ನನ್ನದು.
ಪ್ರಯಾಣಿಕರು: ಒಬ್ಬರು. ಒತ್ತಿದೆ.
ದರ ಇಳಿಯಲಿಲ್ಲ.
ಒಂಟಿ ಮಲಗುವವಳೂ ಇಬ್ಬರ ದುಡ್ಡು ಕಟ್ಟಬೇಕಂತೆ.

ನಮ್ಮಲ್ಲೂ ಹಾಗೇ ಇತ್ತು,
ನಲ್ಲಿ ತಿರುಗಿಸದ ಮನೆಗೂ ಕನಿಷ್ಠ ಬಿಲ್ಲು.
ಬೀಗ ಹಾಕಿ ಊರಿಗೆ ಹೋಗಿದ್ದವರು ಬಂದು ಕೂಗಾಡುತ್ತಿದ್ದರು:
'ಕುಡಿಯದ ನೀರಿಗೆ ಕಾಸು ಯಾಕಮ್ಮಾ?'
ನಾನು ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದೆ,
'ಪೈಪು ಇದೆಯಲ್ಲ ಸ್ವಾಮಿ, ಅದಕ್ಕೆ.'

ಕೆಳಗೆ ಸಂಪಿನಲ್ಲಿ ಕಾವೇರಿ ಬಂದ ಸದ್ದು.
ಮೊದಲು ಗಾಳಿ, ಕೆಮ್ಮಿದ ಹಾಗೆ, ಆಮೇಲೆ ನೀರು.
ಇಳಿದು ಹೋಗಿ ವಾಲ್ವ್ ತಿರುಗಿಸಿ
ಒದ್ದೆ ಕಾಲಲ್ಲಿ ಮೇಲೆ ಬಂದರೆ
'ಸಮಯ ಮೀರಿದೆ, ಮೊದಲಿಂದ ಶುರುಮಾಡಿ' ಅನ್ನುತ್ತಿದೆ ಪರದೆ.

ಶುರುಮಾಡಿದೆ.
ನಮ್ಮ ಹಳೆಯ ಕೋಣೆ ಅಷ್ಟರಲ್ಲಿ ಯಾರದೋ ಆಗಿತ್ತು.
ಎರಡು ಬಾಗಿಲು ಆಚೆಯದು ಹಿಡಿದೆ, ಮಧ್ಯಕ್ಕೇ ಸರಿ.
ಇಬ್ಬರ ದುಡ್ಡು ಕಟ್ಟಿದೆ.

ಕೊನೆಯ ಪುಟ, ಊಟದ್ದು.
'ಯಾರ ಜೊತೆ ಕೂರಬಯಸುವಿರಿ? ಅವರ ಬುಕಿಂಗ್ ಸಂಖ್ಯೆ?'
ಗಡಿಯಾರ ನೋಡಿದೆ. ನೀರು ಬೀಳುತ್ತಲೇ ಇತ್ತು.
ಮುಳ್ಳು ನೋಡಿ ಅಂಕಿ ಬರೆಯುವಾಗಿನಂತೆ
ಒಂದೊಂದನ್ನೇ ಬಾಯಲ್ಲಿ ಹೇಳುತ್ತ ತುಂಬಿದೆ,
ನೋಡಿಕೊಳ್ಳದೆ, ಬಾಯಿಪಾಠ.

ಆರು ಗಂಟೆ. ಎಂಟು ಜನರ ಮೇಜು.
ವಿಶೇಷ ಸೂಚನೆ ಇದ್ದರೆ ಬರೆಯಿರಿ, ಅಂದಿತು.
ಬರೆದೆ:
ಉಪ್ಪಿನ ಡಬ್ಬಿ ನನ್ನ ಕಡೆ ಇರಲಿ.