ಮೂರನೆಯ ಗುಂಡಿ

ಪೋರ್ಚುಗಲ್ಲಿನ ಉತ್ತರಕ್ಕೆ, ಕಾರ್ಕ್ ಬಿರಡೆಯ ಕಾರ್ಖಾನೆ.
ಯಂತ್ರ ಬರುವ ಮೊದಲು
ಅದಕ್ಕೆ ಕಲಿಸುವುದನ್ನು ನಾವು ಕಲಿಯಬೇಕಂತೆ:
ಪರದೆಯಲ್ಲೊಂದು ಬಿರಡೆ, ಕೆಳಗೆರಡು ಗುಂಡಿ,
ಸರಿ, ತಪ್ಪು.

ಎಟೆಲ್ವಿನಾ, ಮೂವತ್ತೊಂದು ವರ್ಷ ಬಿರಡೆ ಮೂಸಿದವಳು,
ಕನ್ನಡಕ ಹಣೆಗೇರಿಸಿ
ಪರದೆಗೇ ಮೂಗು ಹಚ್ಚಿದಳು.
ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

‘ಈ ವರ್ಷವೇ ಕುಡಿಯುವ ವೈನಿಗಾದರೆ ಆದೀತು,
ಮಗಳ ಮದುವೆಗೆಂದು ಎತ್ತಿಟ್ಟ ಬಾಟಲಿಗೆ
ಬೇಡಪ್ಪಾ.
ಇದಕ್ಕೆ ಯಾವುದನ್ನು ಒತ್ತಲಿ?’

ಪಾಠ ಹೇಳಲು ಬಂದ ಹುಡುಗ ಪೆನ್ನು ಕಚ್ಚಿದ.
ಮರುದಿನ ಮೂರನೆಯದೊಂದು ಗುಂಡಿ ಬಂತು:
ಎಟೆಲ್ವಿನಾಳನ್ನು ಕೇಳಿ.

ಮಾರ್ಚಿಗೆ ಅವಳ ನಿವೃತ್ತಿ.
ಊಟದ ಗಂಟೆಯೊಳಗೆ
ನಾನೇ ಹದಿನಾರು ಸಲ ಅದನ್ನು ಒತ್ತಿದ್ದೆ.

ಅವಳ ಪರದೆಯಲ್ಲೂ ಅದೇ ಗುಂಡಿ.
ಅದರ ಮೇಲೆ ಬೆರಳಿಟ್ಟು,
ಒತ್ತದೆ,
ಬಹಳ ಹೊತ್ತು ಕೂತಿದ್ದಳು.