ನೀರಿನ ಚೀಲ

ಹಿಡ್ಡೆ, ಆ ಚಾಕು ಜೇಬಿನೊಳಗಲ್ಲ, ಹೊರಗೆ ಸಿಕ್ಕಿಸು.
ಎಡಗೈಗೂ ಸಿಗಬೇಕು, ಬಲಗೈಗೂ.
ದೋಣಿ ಮಗುಚಿದಾಗ ಯಾವುದು ಎಡ ಯಾವುದು ಬಲ
ಕೈಗೇ ಗೊತ್ತಿರುವುದಿಲ್ಲ.
ಕೊಕ್ಕೆಯಂತೆ ಬಾಗಿದ ಅಲಗು ಹಗ್ಗವನ್ನಷ್ಟೇ ಕಚ್ಚುತ್ತದೆ,
ಮೈಯನ್ನಲ್ಲ. ಇಗೋ, ನನ್ನ ಹೆಬ್ಬೆರಳು.

ಟೆರ್ಷೆಲಿಂಗ್ ದ್ವೀಪದಲ್ಲಿ ಬೆಳಗಿನ ಏಳು ಗಂಟೆ.
ಇಳಿತ ಮುಗಿದು ನೀರು ಮೆಲ್ಲಗೆ ಮನಸ್ಸು ಬದಲಿಸುತ್ತಿದೆ.
ನಿನ್ನಪ್ಪ ಔಕೆ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತ
'ಇಷ್ಟೆಲ್ಲ ಹೊತ್ತರೆ ತೇಲುತ್ತದೆಯೇ, ಯೆಲ್ಟ್ಯೆ?' ಅನ್ನುತ್ತಾನೆ.
ತೊಂಬತ್ತೆರಡು ಕೆಜಿಯ ಆಳು. ಅವನು ನಗಬಹುದು.
ನಾನು ನಲವತ್ತೊಂಬತ್ತು.
ನೀನು, ಒದ್ದೆ ಬಟ್ಟೆಯೂ ಸೇರಿ, ಐವತ್ತೆರಡು.

ಕೂವೆಮರದ ನೆತ್ತಿಯಲ್ಲಿರುವ ಆ ಬೂದು ಗುಂಡನ್ನು
ಕಂಡವರೆಲ್ಲ ಕೇಳುತ್ತಾರೆ: ಫುಟ್‌ಬಾಲ್ ಯಾಕೆ ಕಟ್ಟಿದ್ದೀರಿ?
ಕೇಳಲಿ. ಜೋಡಿ ಒಡಲಿನ ದೋಣಿ
ನೆಟ್ಟಗೆ ನಿಂತಾಗ ಎಷ್ಟು ಹಟಮಾರಿಯೋ
ಅಂಗಾತ ಬಿದ್ದಾಗಲೂ ಅಷ್ಟೇ ಹಟಮಾರಿ.
ಪೂರ್ತಿ ಬೋರಲಾಗದಂತೆ ತಡೆಯುವುದು ಆ ಗುಂಡೊಂದೇ.

ಹಾಯಿಗೆ ಅಂಟಿಸಿದ ಕೆಂಪು ಎಳೆ ಅಜ್ಜಿಯ ಸ್ವೆಟರಿನದು.
ಗಾಳಿ ಯಾವ ಕಡೆ ಸುಳ್ಳು ಹೇಳುತ್ತಿದೆ ಎಂದು
ಅಂಗಡಿಯ ನೈಲಾನಿಗಿಂತ ಬೇಗ ಹಿಡಿಯುತ್ತದೆ.

ಅಕ್ಟೋಬರ್ ಒಂದರ ಕಥೆ ನಿನಗೆ ಅರ್ಧ ಗೊತ್ತು.
ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುವವರು
ಈ ನೀರಿಗೆ ಇಳಿದವರಲ್ಲ.
ನಾನೊಬ್ಬಳೇ. ದೋಣಿ ಪಕ್ಕಕ್ಕೆ ಮಲಗಿತ್ತು,
ಗೋಡೆಗೆ ತಿರುಗಿ ಮುನಿಸಿಕೊಂಡವರ ಹಾಗೆ.
ಮೇಲಿನ ಒಡಲಿಗೆ ಹಗ್ಗ ಎಸೆದು, ಕೆಳಗಿನದರ ಮೇಲೆ ನಿಂತು
ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ವಾಲಿದೆ.
ಅದು ಅಲುಗಲಿಲ್ಲ.
ಐದು ಸಲ. ಆರನೆಯದು ಎಣಿಕೆಗೆ ಸಿಗಲಿಲ್ಲ.
ಅರ್ಧ ಮೈಲಿಯಾಚೆ ಸಿಗಡಿ ಹಿಡಿಯುವ ಹಡಗೊಂದು,
ಹಿಂದೆ ಕಡಲಕ್ಕಿಗಳ ದಿಬ್ಬಣ.
ಸೀಟಿ ಊದಿದೆ. ಗಾಳಿ ಅದನ್ನು ನನ್ನ ಬಾಯಿಗೇ ವಾಪಸು ತುರುಕಿತು.
ಕೊನೆಗೆ ಅವರಿಗೆ ಕಂಡದ್ದು ನಾನಲ್ಲ,
ನೀನು ನಗುತ್ತಿದ್ದೀಯಲ್ಲ, ಈ ಕಿತ್ತಳೆ ಟೊಪ್ಪಿ.

ಆ ಚಳಿಗಾಲ ಹಳೆಯ ಹಾಯಿ ಕತ್ತರಿಸಿ ಚೀಲ ಹೊಲಿದೆ.
ಖಾಲಿಯಿದ್ದಾಗ ಮಡಿಸಿದ ಕರವಸ್ತ್ರ.
ಬಿದ್ದಾಗ ಕಡಲಲ್ಲಿ ಅದ್ದಿ, ತುಂಬಿಸಿ,
ಎಬ್ಬಿಸುವ ಹಗ್ಗಕ್ಕೆ ಸಿಕ್ಕಿಸಿ, ಬೆನ್ನಿಗೆ ಹಾಕಿಕೋ.
ನೀರಿನೊಳಗೆ ಅದಕ್ಕೆ ತೂಕವೇ ಇಲ್ಲ.
ನೀರಿನಿಂದ ಹೊರಗೆತ್ತಿದ ಕ್ಷಣ
ಇನ್ನೊಬ್ಬ ಅತ್ತೆ ನಿನ್ನ ಹೆಗಲಿಗೆ ಜೋತುಬಿದ್ದಂತೆ.
ಮರುವರ್ಷ ಜೂನಿನಲ್ಲಿ ಬೇಕೆಂದೇ ದೋಣಿ ಕೆಡವಿದೆ.
ಕೂವೆಯ ತುದಿ ಗಾಳಿಗೆ ಎದುರಾಗುವ ತನಕ ಕಾದೆ,
ನಲವತ್ತೊಂಬತ್ತಕ್ಕೆ ಮೂವತ್ತು ಕೂಡಿಸಿ ವಾಲಿದೆ.
ಮೊದಲು ಹಾಯಿ ಸೋರತೊಡಗಿತು, ಆಮೇಲೆ ಆಕಾಶ ಸರಿಯಿತು.
ಬೀಳಿಸಿದ ಕಡಲಿನಿಂದಲೇ ನಾಲ್ಕು ಕೊಡ ಸಾಲ ಪಡೆದು
ಎದ್ದೆ. ಎದ್ದ ಮೇಲೆ ಅದಕ್ಕೇ ಸುರಿದೆ.
ಔಕೆ ಅಂದು ನಗಲಿಲ್ಲ.
ಕೇಳಬೇಡ, ಅವನು ಒಪ್ಪುವುದೂ ಇಲ್ಲ.

ಸರಿ. ರೇಡಿಯೋ ಎದೆಗೆ, ದೋಣಿಗಲ್ಲ;
ದೋಣಿ ನಿನ್ನ ಬಿಟ್ಟು ಹೋದೀತು, ಎದೆ ಹೋಗದು.
ಪಿನ್ನುಗಳಿಗೆ ಟೇಪು ಸುತ್ತಿದ್ದೇನೆ. ಹುಟ್ಟು ಹಾಸಿನಡಿ ಇದೆ.
ಹನ್ನೊಂದರೊಳಗೆ ವಾಪಸು. ಹೋಗು.

ಬಲೂನು ಗಾಲಿ ಎಳೆದು ಮರಳಿಗೆ ತಂದೆ.
ಹಾಯಿ ಒಮ್ಮೆ ಕೆಮ್ಮಿ ಗಾಳಿ ತುಂಬಿಕೊಂಡಿತು.
ಚೆನ್ನಾಗಿಯೇ ನಡೆಸುತ್ತಿದ್ದಾನೆ,
ಅಪ್ಪನಿಗಿಂತ ಹಗುರ ಕೈ
ಎಂದುಕೊಳ್ಳುತ್ತ ಕೈ ಬೆಚ್ಚಗಾಗಲೆಂದು ಜೇಬಿಗಿಟ್ಟರೆ
ಬೆರಳಿಗೆ ತಾಗಿತು
ರಾತ್ರಿ ನೀರು ಬಸಿಯಲೆಂದು ಬಿಚ್ಚಿಟ್ಟ ಬಿರಡೆ.
ಬಲ ಒಡಲಿನದು. ಎರಡೂವರೆ ಯೂರೋ.

ಔಕೆಯ ಕಡೆ ನೋಡಲಿಲ್ಲ.
'ಹಿಡ್ಡೆ, ಹಿಡ್ಡೆ, ಹಿಡ್ಡೆ,' ಎಂದೆ ರೇಡಿಯೋಗೆ,
ನಿಯಮದಂತೆ ಮೂರು ಸಲ, ದನಿ ನಡುಗದ ಹಾಗೆ.
'ಅತ್ತೆ ಮಾತಾಡುತ್ತಿದ್ದೇನೆ. ತಿರುಗು.'
ಬಿರಡೆಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು
ಬೂಟು ಕಳಚದೆ
ಸೊಂಟದವರೆಗೆ ನೀರಿಗಿಳಿದೆ.